ಬೊರೆಗೊ ಬೆನ್ನ ಮೇಲೆ ಒಂದು ಹಿಡಿ ಉಣ್ಣೆ

ಏಪ್ರಿಲ್ ತಿಂಗಳ ಶನಿವಾರ. ಟೊರೊಂಟೊ ಹತ್ತಿರದ ಬೋಲ್ಟನ್ನಿನ ಗೋದಾಮುಗಳ ಸಾಲು ಮುಗಿದು ಗುಡ್ಡಗಳು ಶುರುವಾಗುವ ಕಡೆ ಒಂದು ಹಳೆಯ ಮರದ ಕೊಟ್ಟಿಗೆ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಒಳಗೆ ಗದಿಗೆಪ್ಪ ಒಂದು ಕುರಿಯ ಗದ್ದ ಹಿಡಿದು, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಸರಕ್ಕನೆ ಅದನ್ನು ಅಂಡಿನ ಮೇಲೆ ಕೂರಿಸುತ್ತಾರೆ. ಅಷ್ಟು ಹೊತ್ತು ಹಲಗೆ ಕಿತ್ತುಹೋಗುವ ಹಾಗೆ ಒದೆಯುತ್ತಿದ್ದ ಪ್ರಾಣಿ, ಈಗ ಅವರ ಮೊಣಕಾಲಿಗೆ ಬೆನ್ನು ಕೊಟ್ಟು, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತ ಯಜಮಾನರ ಹಾಗೆ ಸುಮ್ಮನಾಗುತ್ತದೆ.

"ಕಾಲು ನೆಲಕ್ಕ ತಾಗಿದ್ರ ಅದಕ್ಕ ಓಡಬೇಕು ಅನಸ್ತೈತಿ ಅಕ್ಕಾರ. ತಾಗಲಿಲ್ಲಂದ್ರ, ಆತು ಬಿಡು ಅಂತ ಕುಂದರತೈತಿ," ಎನ್ನುತ್ತಾರೆ ಗದಿಗೆಪ್ಪ. ಮಷಿನ್ ಚಾಲೂ ಮಾಡುತ್ತಾ ಸೇರಿಸುತ್ತಾರೆ, "ನಾವೂ ಹಂಗ ಅಲ್ಲೇನ್ರಿ, ಈ ದೇಶಕ್ಕ ಬಂದ ಮ್ಯಾಲೆ?"

ಪತ್ರಿಕೆಗೆ ಬರೆಯಲು ಬಂದ ನಾನು ನಗುತ್ತೇನೆ. ಅವರು ನಗುವುದಿಲ್ಲ.

ಹೊಟ್ಟೆಯಿಂದ ಶುರುವಾದ ಮಷಿನ್ ತೊಡೆಗೆ, ಪಕ್ಕೆಗೆ, ಕುತ್ತಿಗೆಗೆ, ಬೆನ್ನಿಗೆ ಹರಿಯುತ್ತದೆ. ಉಣ್ಣೆ ಚೂರುಚೂರಾಗಿ ಬೀಳುವುದಿಲ್ಲ, ಇಡೀ ಮೈಯದು ಒಂದೇ ಅಂಗಿಯ ಹಾಗೆ ಕಳಚಿಕೊಳ್ಳುತ್ತದೆ. ಎಲ್ಲ ಮುಗಿಯಿತು ಎನ್ನುವಾಗ ಗದಿಗೆಪ್ಪ ಕೈ ತಡೆಯುತ್ತಾರೆ. ಬಾಲದ ಬುಡಕ್ಕಿಂತ ಸ್ವಲ್ಪ ಮೇಲೆ, ಬೆನ್ನ ಕೊನೆಯಲ್ಲಿ, ಒಂದು ಹಿಡಿಯಷ್ಟು ಉಣ್ಣೆಯನ್ನು ಹಾಗೆಯೇ ಬಿಟ್ಟು ಕುರಿಯನ್ನು ಎಬ್ಬಿಸಿ ಹೊರಗೆ ತಳ್ಳುತ್ತಾರೆ. ಬಿಳಿ ಮೈ, ಹಿಂದುಗಡೆ ಒಂದು ಕುಚ್ಚು. ನೋಡಲು ತಮಾಷೆಯಾಗಿದೆ. ಆದರೆ ಅದು ತಮಾಷೆಗೆ ಬಿಟ್ಟದ್ದಲ್ಲ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಕೊಟ್ಟಿಗೆಯ ಮೂಲೆಯಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಜಾಗವೊಂದಿದೆ. ಅಲ್ಲಿ ಆರು ಕುರಿಗಳು ಮೇವು ಮೆಲ್ಲುತ್ತಾ ನಿಂತಿವೆ. ಇವನ್ನು ಗದಿಗೆಪ್ಪ ಇಂದು ಮುಟ್ಟುತ್ತಿಲ್ಲ. ಇವಕ್ಕಾಗಿ ಅವರು ಯಜಮಾನರ ಮಗಳ ಬಳಿ ಒಂದು ಮಾತು ಕೇಳಿಟ್ಟಿದ್ದಾರೆ, ಉತ್ತರ ಸಂಜೆಯೊಳಗೆ ಬರಬೇಕು. ಯಾಕೆಂದರೆ ಈ ಕೊಟ್ಟಿಗೆಯಲ್ಲಿ ಇದು ಕೊನೆಯ ಉಣ್ಣೆ ಕತ್ತರಿಸುವಿಕೆ. ಉಣ್ಣೆಯ ಕುರಿಗಳೆಲ್ಲ ಮಾರಾಟವಾಗುತ್ತಿವೆ. ಅವುಗಳ ಜಾಗಕ್ಕೆ ಬರುವವು ಬೇರೆ ತಳಿ. ಅವಕ್ಕೆ ಉಣ್ಣೆಯಿಲ್ಲ, ಆಡಿನ ಹಾಗೆ ಗಿಡ್ಡ ಕೂದಲು, ಚಳಿಗಾಲ ಕಳೆದರೆ ಅದು ತಾನಾಗಿ ಉದುರಿಹೋಗುತ್ತದೆ. ಕತ್ತರಿಸುವವರು ಬೇಕಿಲ್ಲ.

ಗದಿಗೆಪ್ಪನವರದು ಸವದತ್ತಿ ಕಡೆಯ ಕುರಿ ಕಾಯುವ ಮನೆತನ. ನಡೆಯಲು ಕಲಿಯುವ ಮೊದಲೇ ಅಪ್ಪನ ಹೆಗಲ ಮೇಲೆ ಕೂತು ಹಿಂಡಿನ ಹಿಂದೆ ಹೋದವರು. ಹೆಂಡತಿ ಸುಜಾತಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಕೆನಡಾಕ್ಕೆ ನರ್ಸ್‌ಗಳು ಬೇಕಂತೆ ಎಂಬ ಮಾತು ಕೇಳಿ ಅರ್ಜಿ ಹಾಕಿದ್ದು ಅವರೇ, ಗದಿಗೆಪ್ಪ ಅವರ ಹಿಂದೆ ಬಂದವರು. ಬೇಕಾಗಿದ್ದು ನರ್ಸ್ ಅಲ್ಲ ಎಂಬುದು ಇಳಿದ ಮೇಲೆ ಗೊತ್ತಾಯಿತು. ಸುಜಾತಾ ಈಗ ಬೋಲ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಾರೆ, ಊಟ ಮಾಡಿಸುತ್ತಾರೆ. "ಹುಬ್ಬಳ್ಳ್ಯಾಗ ನನ್ನ ಕೈಯಾಗ ಇಂಜೆಕ್ಷನ್ ಇತ್ತು, ಇಲ್ಲಿ ಸ್ಪಂಜ್ ಕೊಟ್ರು," ಎಂದು ಅವರು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ವಾಕ್ಯದಲ್ಲಿ.

ಗದಿಗೆಪ್ಪನಿಗೆ ಸಿಕ್ಕಿದ್ದು ಗೋದಾಮಿನ ಕೆಲಸ. ವಾರದ ಐದು ದಿನ ಬಾಕ್ಸ್ ಎತ್ತಿ ಬೆಲ್ಟಿಗೆ ಹಾಕುವುದು. "ಅಲ್ಲಿ ನನಗ ಹೆಸರಿಲ್ಲರೀ. ಸ್ಕ್ಯಾನರ್ ಕೈಯಾಗ ಹಿಡದ್ರ ಅದರ ನಂಬರೇ ನನ್ನ ನಂಬರ. ಶಿಫ್ಟ್ ಮುಗೀತು, ಅದನ್ನ ಚಾರ್ಜಿಗೆ ಹಾಕಿ ಬರೂದು. ಅದು ಚಾರ್ಜ್ ಆಕ್ಕೈತಿ. ನಾವು ಆಗೂದಿಲ್ಲ." ಆದರೆ ಮಾರ್ಚಿನಿಂದ ಮೇ ತನಕ, ಶನಿವಾರ ಭಾನುವಾರ, ಅವರು ಬೇರೆಯೇ ಮನುಷ್ಯ. ಅರೋರಾದಾಚೆ, ಒಶಾವಾದ ಉತ್ತರಕ್ಕೆ, ಹತ್ತು ಹದಿನೈದು ಕುರಿ ಇಟ್ಟುಕೊಂಡ ಮನೆಗಳಿಗೆ ತಮ್ಮ ಹಳೆಯ ವ್ಯಾನಿನಲ್ಲಿ ಹೋಗುತ್ತಾರೆ. ಒಂದು ದಿನಕ್ಕೆ ಐವತ್ತು, ಮೈ ಸರಿಯಿದ್ದರೆ ಅರವತ್ತು. ಒಂದೊಂದು ಕುರಿಯೂ ಅವರಷ್ಟೇ ತೂಕದ್ದು. ಇಡೀ ದಿನ ಸೊಂಟ ಬಗ್ಗಿಸಿಯೇ ನಿಲ್ಲಬೇಕು. ಸಂಜೆ ಮನೆಗೆ ಹೋದರೆ ಬೇಸ್‌ಮೆಂಟಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುತ್ತಾರಂತೆ, ಮುಂದೆ ನೋಡಿಕೊಂಡು ಇಳಿಯಲು ಸೊಂಟ ಬಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹಿಂಡು ಈ ಕೊಟ್ಟಿಗೆಯದು, ಗದಿಗೆಪ್ಪನವರ ಮಾತಿನಲ್ಲಿ ಈ ದಡ್ಡಿಯದು. ಇದರ ಯಜಮಾನ ಅರ್ಮಿಂದು ಎಂಬ ಪೋರ್ಚುಗೀಸ್ ಮುದುಕ. ದಕ್ಷಿಣ ಪೋರ್ಚುಗಲ್ಲಿನ ಅಲೆಂಟೆಜು ಸೀಮೆಯವರು. ಅಲ್ಲಿ ಧಣಿಗಳ ಕುರಿ ಕಾಯುತ್ತಿದ್ದ ಕೂಲಿಯವನ ಮಗ. ಟೊರೊಂಟೊಕ್ಕೆ ಬಂದು ಮೂವತ್ತು ವರ್ಷ ಕಾಂಕ್ರೀಟು ಹಾಕಿ, ಕೊನೆಗೆ ಈ ಜಮೀನು ತೆಗೆದುಕೊಂಡು ಅಪ್ಪನ ಕಸುಬಿಗೆ ಮರಳಿದವರು. ಈಗ ಅವರು ಸುಜಾತಾ ಕೆಲಸ ಮಾಡುವ ಆರೈಕೆ ಕೇಂದ್ರದಲ್ಲಿಯೇ ಇದ್ದಾರೆ. ಎಷ್ಟೋ ದಿನ ಮಗಳ ಗುರುತೂ ಸಿಗುವುದಿಲ್ಲ. ಜಮೀನು ನೋಡಿಕೊಳ್ಳುವವಳು ಮಗಳು ಲೀಡಿಯಾ. ಅರೋರಾದಲ್ಲಿ ಮನೆ, ಅಲ್ಲಿಯೇ ಆಫೀಸು, ವಾರಕ್ಕೆ ಎರಡು ಸಲ ಇಲ್ಲಿಗೆ ಓಡಾಟ.

ಇನ್ನು ಕುಚ್ಚಿನ ವಿಚಾರ. ಗದಿಗೆಪ್ಪನವರ ಮನೆತನದಲ್ಲಿ ಕುರಿಯನ್ನು ಪೂರ್ತಿ ಬೋಳಿಸುವುದಿಲ್ಲ. ಎಷ್ಟೇ ಕತ್ತರಿಸಿದರೂ ಬೆನ್ನ ಮೇಲೆ ಒಂದು ಹಿಡಿ ಬಿಡಬೇಕು. ಬೋಳಿಸುವುದು ಒಂದೇ ಸಂದರ್ಭದಲ್ಲಿ: ಹಿಂಡಿನ ಯಜಮಾನ ತೀರಿಕೊಂಡಾಗ. ಆಗ ಮುಂದೆ ನಡೆಯುವ ಕುರಿಯನ್ನು ಕಿವಿಯಿಂದ ಬಾಲದ ತನಕ ಬೋಳು ಮಾಡಿ ಹಿಂಡಿಗೆ ಬಿಡುತ್ತಾರೆ. ಮನೆಗೆ ಸೂತಕವಾದ ಸುದ್ದಿ ಕುರಿಗಳಿಗೂ ತಿಳಿಯಲಿ ಎಂದು. "ನಮ್ಮಪ್ಪ ಹೋದಾಗ ನಾನ ಬೋಳಿಸಿದೆ. ಹದಿನೇಳು ವರ್ಷದಾಂವ ಇದ್ದೆ. ಆ ಟಗರು ನನ್ನ ಮಾರಿನ ನೋಡಕೋತ ಕುಂತಿತ್ತು," ಎಂದು ನೆನೆಯುತ್ತಾರೆ.

ಈ ಪದ್ಧತಿಯನ್ನು ಅವರು ಯಾರಿಗೂ ಹೇಳದೆ ಕೆನಡಾಕ್ಕೂ ತಂದರು. ತಂದು ಮೊದಲ ವರ್ಷವೇ ಸಿಕ್ಕಿಬಿದ್ದರು. ಅಂದು ಹೊರಗೆ ನಿಂತಿದ್ದ ಲೀಡಿಯಾ ಒಂದರ ಹಿಂದೆ ಒಂದರಂತೆ ಕುಚ್ಚಿನ ಕುರಿಗಳು ಬರುವುದನ್ನು ನೋಡಿ, ಇವನಿಗೆ ಕೆಲಸ ಬರುವುದಿಲ್ಲ, ಎಲ್ಲವನ್ನೂ ಒಳಗೆ ಕರೆದು ಮತ್ತೆ ಕತ್ತರಿಸಲಿ ಎಂದಳು. ಗದಿಗೆಪ್ಪನಿಗೆ ವಿವರಿಸುವಷ್ಟು ಇಂಗ್ಲಿಷ್ ಇರಲಿಲ್ಲ. ಆಗ ಅರ್ಮಿಂದು ಕೋಲೂರಿಕೊಂಡು ಬಂದು ಒಂದು ಕುರಿಯ ಬೆನ್ನ ಕುಚ್ಚನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಮಗಳಿಗೆ ಒಂದೇ ಮಾತು ಹೇಳಿದರು: "ದೇಯ್ಶಾ." ಬಿಡು ಎಂದು. ಆಮೇಲೆ ಆ ಕುಚ್ಚು ತೋರಿಸಿ ಗದಿಗೆಪ್ಪನಿಗೆ, "ಬೊರ್ರಾ," ಎಂದರು. ಕುರಿಮರಿ ತೋರಿಸಿ, "ಬೊರೆಗೊ," ಎಂದರು.

ಬೊರೆಗೊ ಎಂದರೆ ಪೋರ್ಚುಗೀಸಿನಲ್ಲಿ ಒಂದು ವರ್ಷದೊಳಗಿನ ಕುರಿಮರಿ. ಸ್ಪ್ಯಾನಿಷ್‌ನಲ್ಲಿಯೂ ಅದೇ ಮಾತು, ಅಲ್ಲಿ ಒಂದೆರಡು ವರ್ಷದ ಕುರಿಗೆ. ಮೆಕ್ಸಿಕೋದಲ್ಲಂತೂ ಚಿಕ್ಕದು ದೊಡ್ಡದು ಎನ್ನದೆ ಕುರಿಗೆಲ್ಲ ಬೊರೆಗೊ ಎಂದೇ ಕರೆಯುತ್ತಾರೆ. ನಿಘಂಟುಗಳನ್ನು ತಿರುವಿ ನೋಡಿದೆ. ಬೊರ್ರಾ ಎಂದರೆ ಒರಟು ಉಣ್ಣೆ, ಅದರ ಮೂಲ ಲ್ಯಾಟಿನ್ನಿನ ಬುರ್ರಾ, ಅದೂ ಒರಟು ಉಣ್ಣೆಯೇ. ಎಳೆಯ ಮರಿಯ ಮೈಮೇಲಿನ ಗುಂಗುರು ಉಣ್ಣೆಯೇ ಅದಕ್ಕೆ ಹೆಸರಾಯಿತು ಎನ್ನುತ್ತಾರೆ ಬಲ್ಲವರು. ಹೆಸರಿಟ್ಟವರು ಅದರ ಮಾಂಸ ನೋಡಲಿಲ್ಲ, ಕೂಗು ಕೇಳಲಿಲ್ಲ. ಕೈಯಿಂದ ಮೈ ಸವರಿ ಹೆಸರಿಟ್ಟರು. ಕಾಯುವವರೇ ಇಟ್ಟ ಹೆಸರಿರಬೇಕು.

ಅದೇ ಬುರ್ರಾದಿಂದ ಇನ್ನೊಂದು ಮಾತು ಬೇರೆ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ಆ ಒರಟು ಉಣ್ಣೆಯ ಬಟ್ಟೆಯನ್ನು ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದರು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನದು ಕೋಣೆಗೆ, ಕೋಣೆಯದು ಕಚೇರಿಗೆ. ಅದೇ ನಮ್ಮ ಬ್ಯೂರೋ. ಪತ್ರಿಕೆಯವರು ಬ್ಯೂರೋ ಚೀಫ್ ಎಂದು ಕಾರ್ಡು ಹೊಡೆಸಿಕೊಂಡು ಓಡಾಡುತ್ತೇವಲ್ಲ, ಆ ಕಾರ್ಡಿನಲ್ಲಿಯೂ ಕುರಿಯ ತುಪ್ಪಟವಿದೆ. ಒಂದೇ ಉಣ್ಣೆ, ಅರ್ಧ ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತು, ಅರ್ಧ ಕುರಿಯ ಮೈಮೇಲೆ ಉಳಿಯಿತು. ಕುರ್ಚಿಗೆ ಹೋದ ಅರ್ಧ, ಉಳಿದ ಅರ್ಧದ ಕಡೆ ತಿರುಗಿ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಅರ್ಮಿಂದು ಮುರುಕು ಇಂಗ್ಲಿಷಿನಲ್ಲಿ ಅಂದು ಇನ್ನೊಂದು ಮಾತನ್ನೂ ಹೇಳಿದ್ದರಂತೆ. ಅದನ್ನು ಗದಿಗೆಪ್ಪ ತಮ್ಮ ಕನ್ನಡದಲ್ಲಿ ಒಪ್ಪಿಸುತ್ತಾರೆ: "ಅವರ ಊರಾಗ ನುಣ್ಣನ ಉಣ್ಣಿ ಎಲ್ಲಾ ಧಣಿ ಮನಿಗೆ ಹೊಕ್ಕಿತ್ತಂತ. ಒರಟು ಉಳೀತಲ್ಲ, ಬೊರ್ರಾ, ಅದು ಕಾಯಾವಂಗ. ಅದನ್ನ ತುಂಬಿ ಹಾಸಿಗಿ ಮಾಡಿ ಅದರ ಮ್ಯಾಲೆ ನಮ್ಮಪ್ಪ ಸತ್ತ ಅಂದ. ಅದನ್ನೂ ಬೋಳಿಸಿಬಿಟ್ರ ನಮಗೇನ ಉಳೀತು, ಬಿಡು ನೀ ಒಂದ್ ಹಿಡಿ, ಅಂದ. ನಾ ಹೂಂ ಅಂದೆ. ಅವಂಗ ಕನ್ನಡ ಬರಂಗಿಲ್ಲ, ನನಗ ಅವನ ಮಾತು ಬರಂಗಿಲ್ಲ. ಇಬ್ಬರೂ ಕುರಿ ಮುಂದ ಕುಂತು ಅತ್ತಿವಿ ನೋಡ್ರಿ."

ಇಲ್ಲಿ ಕತ್ತರಿಸಿದ ಉಣ್ಣೆ ಏನಾಗುತ್ತದೆ ಎಂದು ನಾನು ಕೇಳಿದಾಗ ಗದಿಗೆಪ್ಪ ಗದ್ದ ಎತ್ತಿ ಹಿಂಬಾಗಿಲ ಕಡೆ ತೋರಿಸುತ್ತಾರೆ. ಹೊರಗೆ ಗೊಬ್ಬರದ ಗುಂಡಿ. ಎವುಸೆಬಿಯೊ ಎಂಬಾತ ಉಣ್ಣೆಯ ರಾಶಿಯನ್ನು ಬುಟ್ಟಿಯಲ್ಲಿ ತಂದು ತಂದು ಅದಕ್ಕೆ ಸುರಿಯುತ್ತಿದ್ದಾನೆ. ಮೆಕ್ಸಿಕೋದ ಇದಾಲ್ಗೊ ಸೀಮೆಯವನು, ವರ್ಷಕ್ಕೆ ಎಂಟು ತಿಂಗಳು ಇಲ್ಲಿ ದುಡಿದು ಹಿಂತಿರುಗುವವನು. ಇಂಥ ಉಣ್ಣೆಗೆ ಇಲ್ಲಿ ಕೊಳ್ಳುವವರಿಲ್ಲ. ಸಾಗಿಸುವ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಗುಂಡಿಗೆ. ಟೊರೊಂಟೊದ ನಮ್ಮ ಕನ್ನಡ ಸಮಾರಂಭಗಳಲ್ಲಿ ಸಾಧಕರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಆ ಶಾಲು ಪಾಲಿಯೆಸ್ಟರ್. ಉಣ್ಣೆ ಕತ್ತರಿಸುವ ಈ ಕನ್ನಡಿಗನನ್ನು ಯಾವ ವೇದಿಕೆಯೂ ಕರೆದಿಲ್ಲ. ಕರೆದರೂ ಆ ಶಾಲು ನೋಡಿ ಅವರಿಗೆ ನಗು ಬರುತ್ತಿತ್ತೇನೋ.

ಹೊಸದಾಗಿ ಬರುವ ಕೂದಲಿನ ಕುರಿಗಳ ಬಗ್ಗೆ ಎವುಸೆಬಿಯೊನನ್ನು ಕೇಳುತ್ತೇನೆ. ಆತನಿಗೆ ಹೊಸತೇನಲ್ಲ. ಅವನ ಊರಲ್ಲಿ ಅಂಥವಕ್ಕೆ ಪೆಲಿಬುಯ್ ಎನ್ನುತ್ತಾರೆ, ಎತ್ತಿನ ಕೂದಲಿನದು ಎಂದು. "ಹಾಗಾದರೆ ಅವು ಬೊರೆಗೊ ಅಲ್ಲವಾ?" ಎಂದೆ. ಆತ ಬುಟ್ಟಿ ಕೆಳಗಿಟ್ಟು ಯೋಚಿಸಿದ. "ಬೊರೆಗೊ ಪೆಲಿಬುಯ್ ಅಂತೀವಿ. ಉಣ್ಣೆ ಹೋದರೂ ಹೆಸರು ಬಿಡಲಿಲ್ಲ," ಎಂದ. ಇನ್ನೊಮ್ಮೆ ಗುಂಡಿಯ ಕಡೆ ನೋಡಿ, "ಹೆಸರಿಗೆ ಯಾರೂ ಗುಂಡಿ ತೋಡಲ್ಲ ಅಲ್ಲವಾ," ಎಂದು ಬುಟ್ಟಿ ಎತ್ತಿಕೊಂಡ.

ಗದಿಗೆಪ್ಪ ಕೇಳಿಟ್ಟಿರುವ ಮಾತು ಇಷ್ಟೇ. ಮೂಲೆಯ ಆರು ಕುರಿಗಳು ಅರ್ಮಿಂದು ತಾವೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಹಳೆಯ ತಾಯಿಯ ಮಕ್ಕಳು, ಮೊಮ್ಮಕ್ಕಳು. ಅವುಗಳನ್ನು ಮಾರಬೇಡಿ, ಮುದುಕ ಇರುವಷ್ಟು ದಿನ ಇಲ್ಲಿರಲಿ. ಮೇವು ನಾನು ಹಾಕುತ್ತೇನೆ, ಉಣ್ಣೆ ಸುಮ್ಮನೆ ಕತ್ತರಿಸಿಕೊಡುತ್ತೇನೆ. ಒಪ್ಪಿದರೆ ಮುಂದಿನ ಏಪ್ರಿಲ್ಲಿಗೂ ಅವರು ಈ ಕೊಟ್ಟಿಗೆಗೆ ಬರುತ್ತಾರೆ. ಒಪ್ಪದಿದ್ದರೆ ಉಳಿಯುವುದು ಸ್ಕ್ಯಾನರು. ಅರೋರಾದ ಕಡೆಯವರೂ ಒಶಾವಾದ ಕಡೆಯವರೂ ಒಬ್ಬೊಬ್ಬರಾಗಿ, ಮುಂದಿನ ವರ್ಷದಿಂದ ತಮ್ಮಲ್ಲೂ ಕೂದಲಿನ ಕುರಿಯೇ ಎಂದು ಹೇಳಿಬಿಟ್ಟಿದ್ದಾರೆ.

"ನನಗ ಭಾಳ ಬ್ಯಾಡರೀ," ಎನ್ನುತ್ತಾರೆ ಮಧ್ಯಾಹ್ನ, ಡಬ್ಬಿಯ ರೊಟ್ಟಿ ಮುರಿಯುತ್ತಾ. "ವರ್ಷಕ್ಕ ಒಂದ್ ದಿನ. ಆರು ಕುರಿ. ಮನಷ್ಯಾ ಒಂದ್ ದಿನರ ತನ್ನ ಕೆಲಸ ಮಾಡಬೇಕಲ್ಲರೀ? ಉಳಿದ ದಿನ ಮಂದಿ ಕೆಲಸ ಮಾಡಿದ್ರೂ ನಡೀತೈತಿ."

ಸುಜಾತಾ ಇದಕ್ಕೆ ತಮ್ಮದೇ ರೀತಿಯಲ್ಲಿ ಸಹಾಯ ಮಾಡುತ್ತಾ ಬಂದಿದ್ದಾರೆ. ಪ್ರತಿ ವರ್ಷ ಮೊದಲ ಮರಿಯ ಒಂದು ಹಿಡಿ ಉಣ್ಣೆಯನ್ನು ಯೂನಿಫಾರ್ಮಿನ ಜೇಬಿನಲ್ಲಿಟ್ಟು ಅರ್ಮಿಂದುವಿನ ಕೋಣೆಗೆ ಒಯ್ಯುತ್ತಿದ್ದರು. ಸೋಂಕು ತಗಲುತ್ತದೆ, ಪ್ರಾಣಿಯ ವಸ್ತು ಒಳಗೆ ತರಬಾರದು ಎಂದು ಮೇಲಿನವರು ಎರಡು ಸಲ ಎಚ್ಚರಿಸಿದ್ದಾರೆ. "ಹೋದ ವಾರ ಮತ್ತ ಒಯ್ದೆ. ಕೈಯಾಗ ಇಟ್ಟೆ. ಮುದುಕ ಬೆರಳಾಗ ತಿಕ್ಕಿದ, ಮೂಗಿಗೆ ಹಿಡದ. ಅಳತಾನೇನೋ ಅನ್ಕೊಂಡೆ. ಇಲ್ಲ, ಬೈದ! ಗಲೀಜ ಐತಿ, ತೊಳದ ತರಬೇಕು ಅಂತ ಬೊರ್ರಾ ಬೊರ್ರಾ ಅಂತ ಕೈ ಮಾಡಿ ತೋರಿಸಿದ. ಮಗಳ ಹೆಸರು ಮರತಾನ, ಉಣ್ಣಿ ತೊಳೆಯೂದು ಮರತಿಲ್ಲ," ಎಂದು ಸುಜಾತಾ ಫೋನಿನಲ್ಲಿ ನಕ್ಕರು. ಆಮೇಲೆ, "ಇದನ್ನ ಪೇಪರಿನ್ಯಾಗ ಹಾಕ್ರಿ. ನನ್ನ ಕೆಲಸ ಹೋದ್ರ ಹೋಗ್ಲಿ, ಸ್ಪಂಜ್ ಹಿಡಿಯೋ ಕೆಲಸ ಎಲ್ಲೀರ ಸಿಗತೈತಿ," ಎಂದರು.

ಲೀಡಿಯಾಳ ಕಾರು ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಅವಳನ್ನು ರಾಕ್ಷಸಿ ಮಾಡಿ ಬರೆದರೆ ನನಗೆ ಸುಲಭ. ಅವಳು ಹಾಗಿಲ್ಲ. ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಎರಡು ಫೋನು. ಅಪ್ಪನ ಆರೈಕೆ ಒಂದು ಕಡೆ, ನಷ್ಟದ ಜಮೀನು ಇನ್ನೊಂದು ಕಡೆ, ಇಷ್ಟು ದಿನ ಹೇಗೋ ಎಳೆದುಕೊಂಡು ಬಂದಿದ್ದಾಳೆ. ಹಗ್ಗದಾಚೆಯ ಆರು ಕುರಿಗಳ ಮುಂದೆ ನಿಂತು ಗದಿಗೆಪ್ಪನಿಗೆ ನಿಧಾನವಾಗಿ, ಸರಳ ಇಂಗ್ಲಿಷಿನಲ್ಲಿ ಹೇಳುತ್ತಾಳೆ: ಸಾರಿ, ಗ್ಯಾಡಿ. ಹದಿನಾಲ್ಕು ವರ್ಷದಿಂದ ಅವಳ ಬಾಯಲ್ಲಿ ಅವರು ಗ್ಯಾಡಿ. ಕೊಳ್ಳುವವರಿಗೆ ಇಡೀ ಹಿಂಡು ಬೇಕಂತೆ, ಲಾರಿ ನಾಳೆ ಬೆಳಿಗ್ಗೆಯೇ ಬರುತ್ತದಂತೆ. ಹೊಸ ತಳಿಯ ಜೊತೆ ಹಳೆಯವನ್ನು ಬಿಟ್ಟರೆ ಬೆರಕೆಯಾಗುತ್ತದಂತೆ. ಅಪ್ಪನಿಗೆ ಹೇಗೂ ಗೊತ್ತಾಗುವುದಿಲ್ಲ ಎಂದು ಸೇರಿಸುತ್ತಾಳೆ, ಆ ಮಾತು ಹೇಳುವಾಗ ಮಾತ್ರ ಬೇರೆ ಕಡೆ ನೋಡುತ್ತಾಳೆ. ಇವನ್ನೂ ಇವತ್ತೇ ಕತ್ತರಿಸಿಬಿಡಿ, ಕೊಳ್ಳುವವರಿಗೆ ಚೊಕ್ಕಟವಾಗಿ ಕಾಣಬೇಕು, ದಯವಿಟ್ಟು ಆ ಕುಚ್ಚು ಬಿಡಬೇಡಿ ಎಂದು ಫೋನ್ ಹಿಡಿದು ಹೊರಗೆ ಹೋಗುತ್ತಾಳೆ.

ಗದಿಗೆಪ್ಪ ವ್ಯಾನಿಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಕೈಕತ್ತರಿ ತರುತ್ತಾರೆ, ಅಪ್ಪನ ಕಾಲದ್ದು. ಮಷಿನ್ನಿನಲ್ಲಿ ಐದು ಕುರಿಗಳನ್ನು ಕತ್ತರಿಸಿ, ಎಂದಿನಂತೆ ಕುಚ್ಚು ಬಿಟ್ಟೇ ಕಳಿಸುತ್ತಾರೆ. ಹೇಳಿದ್ದು ಕೇಳಿಸಲಿಲ್ಲವೇನೋ ಎಂದುಕೊಳ್ಳುತ್ತೇನೆ. ಕೊನೆಯದು ಕಪ್ಪು ಮೂತಿಯ ವಯಸ್ಸಾದ ಕುರಿ, ಹಿಂಡಿನ ಮುಂದಾಳು. ಅದನ್ನು ಕೂರಿಸಿ ಮಷಿನ್ ಆಫ್ ಮಾಡುತ್ತಾರೆ. ಕೊಟ್ಟಿಗೆ ಒಮ್ಮೆಗೇ ನಿಶ್ಶಬ್ದವಾಗುತ್ತದೆ. ಕೈಕತ್ತರಿಯ ಕಚಕ್ ಕಚಕ್ ಮಾತ್ರ. ಕಿವಿಯ ಹಿಂದಿನಿಂದ ಶುರು ಮಾಡಿ, ಕುತ್ತಿಗೆ, ಪಕ್ಕೆ, ಬೆನ್ನು, ಬಾಲದ ಬುಡ. ಕುಚ್ಚಿರಬೇಕಾದ ಜಾಗಕ್ಕೆ ಕತ್ತರಿ ಬಂದಾಗ ನಿಲ್ಲಲಿಲ್ಲ. ನನಗೆ ಆಗ ಅರ್ಥವಾಯಿತು. ಬರೆಯುತ್ತಿದ್ದ ಪುಸ್ತಕ ಮುಚ್ಚಿದೆ. ಎವುಸೆಬಿಯೊ ಯಾಕೋ ಟೋಪಿ ತೆಗೆದ. ಅವನಿಗೆ ಈ ಪದ್ಧತಿಯನ್ನು ಯಾರು ಹೇಳಿದ್ದರೋ, ಹೇಳಿರಲೇ ಇಲ್ಲವೋ ತಿಳಿಯದು.

ಬೋಳಾದ ಕುರಿ ಹೊರಗೆ ಬಂದು ಹಿಂಡಿನ ಮಧ್ಯೆ ನಿಂತಿತು. ಫೋನಿನಲ್ಲಿದ್ದ ಲೀಡಿಯಾ ಅದನ್ನು ನೋಡಿ, ಮಾತು ತಡೆದು, ಹೆಬ್ಬೆರಳೆತ್ತಿ ತೋರಿಸಿದಳು. "ಪರ್ಫೆಕ್ಟ್, ಗ್ಯಾಡಿ! ನೋಡಿ, ನಿಮಗೆ ಬರುತ್ತೆ! ಉಳಿದವನ್ನೂ ಹೀಗೇ ಮಾಡಬಾರದಿತ್ತಾ?" ಎಂದಳು. ಗದಿಗೆಪ್ಪ ತಲೆಯಾಡಿಸಿದರು. ಕತ್ತರಿಯನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದರು.

ವ್ಯಾನಿನ ತನಕ ನಾನೂ ಜೊತೆಗೆ ಹೋದೆ. ಲೇಖನದಲ್ಲಿ ನಿಮ್ಮ ಕಡೆಯಿಂದ ಏನಾದರೂ ಸೇರಿಸಬೇಕೇ ಎಂದು ಕೇಳಿದೆ. ಅವರು ಬಾಗಿಲು ಹಿಡಿದು ಸೊಂಟ ನೆಟ್ಟಗೆ ಮಾಡಿಕೊಂಡರು.

"ಹದಿನಾಲ್ಕು ವರ್ಷ ಈ ದಡ್ಡ್ಯಾಗಿಂದ ಒಂದ ಕುರಿನೂ ಬೋಳ ಮಾಡಿ ಹೊರಗ ಬಿಟ್ಟಿರಲಿಲ್ಲರೀ ನಾ," ಎಂದರು. "ಅದೊಂದ ಬರೀರಿ ಅಕ್ಕಾರ."